ಪ್ರಿನ್ಸಿಪಾಲ್ ಆದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಪ್ರಿನ್ಸಿಪಾಲ್ ಆಗಿ ಚಾರ್ಜ್ ತೆಗೆದುಕೊಂಡ ಸುದ್ದಿ ಕೇಳಿ ತುಂಬಾ ಖುಷಿಯಾಯಿತು. ಫೋನಿನಲ್ಲಿ ಒಂದು ಅಭಿನಂದನೆ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ನಿನಗೆ ಒಬ್ಬ ಪ್ರಿನ್ಸಿಪಾಲರ ಕಥೆ ಹೇಳಬೇಕಿತ್ತು, ಅದು ಉಳಿದವರೂ ಓದಲಿ ಅಂತ ಹೀಗೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಅವರ ಹೆಸರು ಗುರುದತ್ ಸೋಂಧಿ. ಲಾಹೋರಿನ ಗವರ್ನಮೆಂಟ್ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು, ಆಮೇಲೆ ಅಲ್ಲೇ ಪ್ರಿನ್ಸಿಪಾಲ್ ಆದವರು. ನಾಲ್ಕು ವರ್ಷಕ್ಕೊಮ್ಮೆ ಏಷ್ಯನ್ ಗೇಮ್ಸ್ ಬಂದಾಗ ನಾವು ಟಿವಿ ಮುಂದೆ ಕೂತು ಪದಕ ಎಣಿಸುತ್ತೇವಲ್ಲ, ಆ ಆಟಗಳು ಹುಟ್ಟಿದ್ದು ಇವರ ತಲೆಯಲ್ಲಿ. ಆದರೂ ಪದಕ ಪಟ್ಟಿಯ ಗಲಾಟೆಯಲ್ಲಿ ಯಾರೂ ಇವರ ಹೆಸರು ಎತ್ತುವುದಿಲ್ಲ. ನನಗೆ ಅದು ಬಹಳ ಬೇಸರದ ಸಂಗತಿ.

ಹುಟ್ಟಿದ್ದು 1890ರಲ್ಲಿ. ಓದಿದ್ದು ಅದೇ ಲಾಹೋರಿನ ಕಾಲೇಜಿನಲ್ಲಿ, ಆಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ. ಸ್ವತಃ ಒಳ್ಳೆಯ ಓಟಗಾರ. ವಾಪಸ್ ಬಂದು ತಾನು ಓದಿದ ಕಾಲೇಜಿನಲ್ಲೇ ಪಾಠಕ್ಕೆ ನಿಂತರು, 1939ರಲ್ಲಿ ಅದರ ಪ್ರಿನ್ಸಿಪಾಲ್ ಕುರ್ಚಿಗೆ ಬಂದರು. ಆ ಕಾಲೇಜು ಸಾಮಾನ್ಯದ್ದಲ್ಲ. ಮುಂದೆ ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಅಬ್ದುಸ್ ಸಲಾಂ, ಹಿಂದಿ ಸಿನಿಮಾದ ದೇವ್ ಆನಂದ್ ಇಬ್ಬರೂ ಇವರ ಕಾಲದಲ್ಲಿ ಅಲ್ಲಿ ಓದಿದವರು. ಅದಕ್ಕೂ ಮೊದಲು ಬಲರಾಜ್ ಸಾಹ್ನಿ ಅಲ್ಲಿನ ನಾಟಕದ ಕ್ಲಬ್ಬಿನಲ್ಲಿ ಬಣ್ಣ ಹಚ್ಚಿದ್ದರು. ಆ ಕ್ಲಬ್ಬನ್ನು ಬೆಳೆಸಿದವರಲ್ಲೂ ಸೋಂಧಿ ಒಬ್ಬರು. ಲಾಹೋರಿನ ಲಾರೆನ್ಸ್ ಗಾರ್ಡನ್‌ನಲ್ಲಿ, ಅಂದರೆ ಈಗಿನ ಬಾಗ್-ಎ-ಜಿನ್ನಾದಲ್ಲಿ, ಒಂದು ಬಯಲು ರಂಗಮಂದಿರ ಇದೆ. ಅದು ಎದ್ದು ನಿಂತದ್ದು ಇವರ ಹಟದಿಂದ.

ನೋಡು, ನನಗೆ ಇವರಲ್ಲಿ ಹಿಡಿಸಿದ್ದು ಇದೇ. ಪಾಠ, ನಾಟಕ, ಮೈದಾನ ಈ ಮೂರನ್ನೂ ಅವರು ಬೇರೆಬೇರೆ ಖಾತೆ ಮಾಡಲಿಲ್ಲ. ನಮ್ಮ ಕಡೆ ಹೇಗೆ ಹೇಳು? ಪಾಠ ಅಂದರೆ ಕೆಲಸ, ಆಟ ಅಂದರೆ ಸುಮ್ನೆ ಟೈಂ ಪಾಸ್, ನಾಟಕ ಅಂದರೆ ಕಾಲೇಜ್ ಡೇ ಮುಗಿಯುವ ತನಕ. ಎಷ್ಟೋ ಕಾಲೇಜಿನಲ್ಲಿ ಹೊಸ ಕಟ್ಟಡ ಬರಬೇಕಾದರೆ ಮೊದಲು ಕಣ್ಣು ಬೀಳುವುದು ಮೈದಾನದ ಮೇಲೆ. ಪಿ.ಇ. (ದೈಹಿಕ ಶಿಕ್ಷಣ) ಡೈರೆಕ್ಟರ್ ಸುಣ್ಣದ ಡಬ್ಬಿ ಹಿಡಿದು ಬಗ್ಗಿ ಬಗ್ಗಿ ಟ್ರ್ಯಾಕಿನ ಗೆರೆ ಹಾಕುತ್ತಿರುತ್ತಾರೆ, ಇನ್ನೊಂದು ತುದಿಯಲ್ಲಿ ಜಲ್ಲಿ ಲಾರಿ ಬಂದು ಲಾಂಗ್ ಜಂಪ್ ಪಿಟ್ ಪಕ್ಕದಲ್ಲೇ ಸುರಿದು ಹೋಗಿರುತ್ತದೆ. ನಿನ್ನ ಕಾಲದಲ್ಲಿ ಹಾಗಾಗಬಾರದು.

ಸೋಂಧಿಯವರು 1932ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಭಾರತದ ಹಾಕಿ ತಂಡದ ಮ್ಯಾನೇಜರ್ ಆಗಿ ಹೋದರು. ಅಮೆರಿಕವನ್ನು 24-1ರಿಂದ ಸೋಲಿಸಿದ ತಂಡ ಅದು, ಧ್ಯಾನ್‌ಚಂದ್ ಮತ್ತು ಅವರ ತಮ್ಮ ರೂಪ್ ಸಿಂಗ್ ಇದ್ದ ತಂಡ. ಅದೇ ವರ್ಷ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು, ಸಾಯುವ ತನಕ, 34 ವರ್ಷ, ಆ ಜಾಗದಲ್ಲಿದ್ದರು.

ಆದರೆ ಒಲಿಂಪಿಕ್ಸ್ ದೂರದ ಮಾತು. ನಮ್ಮ ಸುತ್ತಮುತ್ತಲಿನ ದೇಶಗಳು ಒಟ್ಟಿಗೆ ಆಡುವ ಜಾಗ ಎಲ್ಲಿತ್ತು? ಪೂರ್ವದಲ್ಲಿ ಫಿಲಿಪ್ಪೀನ್ಸ್, ಚೀನಾ, ಜಪಾನ್ ಸೇರಿ 1913ರಿಂದ ಫಾರ್ ಈಸ್ಟರ್ನ್ ಗೇಮ್ಸ್ ನಡೆಸುತ್ತಿದ್ದವು. ನಾವೂ ಮಾಡೋಣ ಅಂತ ಸೋಂಧಿ 1934ರಲ್ಲಿ ವೆಸ್ಟರ್ನ್ ಏಷ್ಯಾಟಿಕ್ ಗೇಮ್ಸ್ ನಡೆಸಿದರು, ದೆಹಲಿಯಲ್ಲಿ ಮತ್ತು ಪಟಿಯಾಲದಲ್ಲಿ. ಬಂದದ್ದು ನಾಲ್ಕೇ ತಂಡ: ಭಾರತ, ಸಿಲೋನ್ (ಈಗಿನ ಶ್ರೀಲಂಕಾ), ಅಫ್ಘಾನಿಸ್ತಾನ, ಪ್ಯಾಲೆಸ್ತೀನ್. ಎರಡನೆಯ ಸಲ ಪ್ಯಾಲೆಸ್ತೀನ್‌ನಲ್ಲಿ ಆಗಬೇಕಿತ್ತು, ಆಗಲೇ ಇಲ್ಲ. ಅತ್ತ ಫಾರ್ ಈಸ್ಟರ್ನ್ ಗೇಮ್ಸ್ ಕೂಡ 1934ರಲ್ಲೇ ಮುರಿದುಬಿತ್ತು. ಜಪಾನ್ ತಾನು ಹಿಡಿದುಕೊಂಡ ಮಂಚೂರಿಯಾದ ಕೈಗೊಂಬೆ ರಾಜ್ಯವನ್ನೂ ಸೇರಿಸಿಕೊಳ್ಳಿ ಅಂದಿತು, ಚೀನಾ ಎದ್ದು ನಡೆಯಿತು. ಯಾರನ್ನು ಆಟಕ್ಕೆ ಸೇರಿಸಬೇಕು, ಯಾರನ್ನು ಬಿಡಬೇಕು ಅನ್ನುವ ಜಗಳಕ್ಕೆ ಇಡೀ ಕ್ರೀಡಾಕೂಟವೇ ಸತ್ತುಹೋಯಿತು. ಇದನ್ನು ಸ್ವಲ್ಪ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಯುದ್ಧ ಮುಗಿಯಿತು, ದೇಶ ಎರಡಾಯಿತು, ಲಾಹೋರು ಗಡಿಯ ಆಚೆಗೆ ಹೋಯಿತು. ಜೀವನವೆಲ್ಲ ಕೊಟ್ಟ ಊರು, ಕಾಲೇಜು ಬೇರೆ ದೇಶದ್ದಾದಾಗ ಅವರಿಗೆ ಐವತ್ತಾರು ದಾಟಿತ್ತು. ಆ ವಯಸ್ಸಿನಲ್ಲಿ ಹಳೆಯ ಆಸೆಯನ್ನು ಮತ್ತೆ ಕೈಗೆತ್ತಿಕೊಂಡರು. 1948ರ ಲಂಡನ್ ಒಲಿಂಪಿಕ್ಸ್ ನಡೆಯುತ್ತಿದ್ದಾಗ, ಆಗಸ್ಟ್ 8ರಂದು, ಅಲ್ಲಿಗೆ ಬಂದಿದ್ದ ಏಷ್ಯಾದ ತಂಡಗಳ ಮುಖ್ಯಸ್ಥರನ್ನು ಮೌಂಟ್ ರಾಯಲ್ ಹೋಟೆಲಿಗೆ ಕರೆದು ಕೂರಿಸಿ ಮಾತಾಡಿದರು. ಅದಕ್ಕೆ ಒಂದು ವಾರ ಮುಂಚೆಯಷ್ಟೇ ಅದೇ ಲಂಡನ್ನಿನಲ್ಲಿ ನಮ್ಮ ಫುಟ್‌ಬಾಲ್ ತಂಡ ಫ್ರಾನ್ಸ್ ಎದುರು ಆಡಿ 1-2ರಿಂದ ಸೋತಿತ್ತು, ಹೆಚ್ಚಿನವರು ಬರಿಗಾಲಲ್ಲಿ. ಭಾರತದ ಆ ಒಂದು ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್! ಇನ್ನೊಬ್ಬ ಬೆಂಗಳೂರಿಗ ಅಹ್ಮದ್ ಖಾನ್ ಕೂಡ ಅದೇ ತಂಡದಲ್ಲಿದ್ದರು.

1949ರ ಫೆಬ್ರವರಿಯಲ್ಲಿ ದೆಹಲಿಯ ಪಟಿಯಾಲ ಹೌಸ್‌ನಲ್ಲಿ ಏಷ್ಯನ್ ಗೇಮ್ಸ್ ಫೆಡರೇಶನ್ ಹುಟ್ಟಿತು. ಅದರ ಘೋಷವಾಕ್ಯ 'ಎವರ್ ಆನ್‌ವರ್ಡ್' ಕೂಡ ಸೋಂಧಿಯವರದೇ. 1950ರಲ್ಲಿ ನಡೆಯಬೇಕಿದ್ದ ಆಟಗಳು ಸಿದ್ಧತೆ ಸಾಲದೆ ಮುಂದಕ್ಕೆ ಹೋದವು. ಕೊನೆಗೆ ಆ ಹೊಣೆ ಹೊತ್ತು ನಡೆಸಿಕೊಟ್ಟವರು ಕ್ರಿಕೆಟ್ ಆಡಳಿತದಲ್ಲಿ ಹೆಸರಾಗಿದ್ದ ಆಂಥೊನಿ ಡಿಮೆಲೊ, ಅವರ ಪಾಲನ್ನು ಅವರಿಗೆ ಕೊಡಲೇಬೇಕು. 1951ರ ಮಾರ್ಚ್ 4ರಿಂದ 11ರ ತನಕ ದೆಹಲಿಯಲ್ಲಿ 11 ದೇಶಗಳ 489 ಕ್ರೀಡಾಪಟುಗಳು ಸೇರಿದರು. ಫುಟ್‌ಬಾಲ್ ಫೈನಲ್‌ನಲ್ಲಿ ಇರಾನನ್ನು ಸೋಲಿಸಿ ನಾವು ಚಿನ್ನ ಗೆದ್ದೆವು. ಆ ತಂಡದಲ್ಲೂ ಅಹ್ಮದ್ ಖಾನ್ ಇದ್ದರು.

ಈಗ ನಾನು ನಿಜವಾಗಿ ಹೇಳಬೇಕಾದ್ದು. 1962, ಇಂಡೊನೇಷ್ಯಾದ ಜಕಾರ್ತ, ನಾಲ್ಕನೆಯ ಏಷ್ಯನ್ ಗೇಮ್ಸ್. ಇಸ್ರೇಲ್ ಮತ್ತು ತೈವಾನ್ ಎರಡೂ ಫೆಡರೇಶನ್‌ನ ಸದಸ್ಯರು. ಆದರೆ ಅವು ಬರುವುದು ಆತಿಥೇಯ ಸರ್ಕಾರಕ್ಕೆ ಬೇಡವಾಗಿತ್ತು. ಬೇಡ ಅಂತ ನೇರವಾಗಿ ಹೇಳಲಿಲ್ಲ, ಗುರುತಿನ ಚೀಟಿ ಕಳಿಸಲಿಲ್ಲ ಅಷ್ಟೇ. ತೈವಾನ್‌ನವರಿಗೆ ಬಂದ ಲಕೋಟೆ ಒಡೆದು ನೋಡಿದರೆ ಒಳಗೆ ಬರೀ ಬಿಳಿ ಕಾಗದ. ಎಷ್ಟು ಸಣ್ಣತನ ನೋಡು. ಎಪ್ಪತ್ತೊಂದರ ಸೋಂಧಿ ಜಕಾರ್ತದಲ್ಲೇ ನಿಂತು ಹೇಳಿದರು: ಸದಸ್ಯರನ್ನು ಹೊರಗಿಟ್ಟು ನಡೆಸುವ ಆಟಗಳನ್ನು ಏಷ್ಯನ್ ಗೇಮ್ಸ್ ಅಂತ ಕರೆಯಬಾರದು, ಬೇಕಾದರೆ ಜಕಾರ್ತ ಗೇಮ್ಸ್ ಅನ್ನಿ. ತಾನೇ ಹುಟ್ಟಿಸಿದ ಕೂಟದಿಂದ ಅದರ ಹೆಸರನ್ನು ವಾಪಸ್ ಕೇಳುವುದು ಅವರಿಗೆ ಎಷ್ಟು ಕಷ್ಟವಾಗಿರಬೇಕು! ಮಂಚೂರಿಯಾದ ಜಗಳದಲ್ಲಿ ಒಂದು ಕ್ರೀಡಾಕೂಟ ಹೇಗೆ ಸತ್ತಿತು ಅನ್ನುವುದು ಅವರ ನೆನಪಿನಲ್ಲಿ ಇತ್ತು ಅಂತಲೇ ನಾನು ನಂಬುತ್ತೇನೆ.

ಊರು ಹೊತ್ತಿಕೊಂಡಿತು. ಸೆಪ್ಟೆಂಬರ್ 3ರಂದು ಗುಂಪು ಭಾರತದ ರಾಯಭಾರ ಕಚೇರಿಗೆ ನುಗ್ಗಿತು. ಸೋಂಧಿ ಅವತ್ತೇ ಜಕಾರ್ತ ಬಿಡಬೇಕಾಯಿತು. ಮಾರನೆಯ ದಿನ ಫುಟ್‌ಬಾಲ್ ಫೈನಲ್. ಸುಮಾರು ಲಕ್ಷ ಜನ ನಮ್ಮ ತಂಡಕ್ಕೆ ಧಿಕ್ಕಾರ ಕೂಗುತ್ತಿದ್ದ ಕ್ರೀಡಾಂಗಣ ಅದು. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದ ಜರ್ನೈಲ್ ಸಿಂಗ್ ಇನ್ನೊಂದು ಗೋಲು, ದಕ್ಷಿಣ ಕೊರಿಯಾ ಎದುರು 2-1. ಆ ದಿನ ನಮ್ಮವರಿಗಾಗಿ ಗಟ್ಟಿಯಾಗಿ ಕೂಗಿದ ಕೆಲವೇ ಮಂದಿಯಲ್ಲಿ ಪಾಕಿಸ್ತಾನದ ಆಟಗಾರರೂ ಇದ್ದರು ಅಂತ ಆ ತಂಡದವರು ಆಮೇಲೂ ನೆನೆಯುತ್ತಿದ್ದರು. ಲಾಹೋರಿನ ಆ ಪ್ರಿನ್ಸಿಪಾಲರಿಗೆ ಈ ಸುದ್ದಿ ತಲುಪಿದ್ದರೆ ಏನನ್ನಿಸಿರಬಹುದು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

1963ರಲ್ಲಿ ಒಲಿಂಪಿಕ್ ಸಮಿತಿ ಇಂಡೊನೇಷ್ಯಾವನ್ನು ಅಮಾನತು ಮಾಡಿತು. ಅಲ್ಲಿನ ಅಧ್ಯಕ್ಷ ಸುಕರ್ನೊ ಅದಕ್ಕೆ ಎದುರಾಗಿ ಗಾನೆಫೊ ಅಂತ ಬೇರೆ ಕೂಟವನ್ನೇ ಕಟ್ಟಿದರು. ಸೋಂಧಿ 1966ರಲ್ಲಿ ತೀರಿಕೊಂಡರು.

ನಿನಗೆ ಜಕಾರ್ತದಂಥ ಸಂದರ್ಭ ಬರುವುದಿಲ್ಲ ಬಿಡು. ಆದರೆ ಬಿಳಿ ಕಾಗದದ ಲಕೋಟೆ ಕಾಲೇಜಿನಲ್ಲೂ ಇರುತ್ತದೆ. ಯೂನಿವರ್ಸಿಟಿ ಕ್ರಾಸ್ ಕಂಟ್ರಿಗೆ ಓಡಲು ಹೋದ ಹುಡುಗಿ ವಾಪಸ್ ಬಂದರೆ ನೋಟಿಸ್ ಬೋರ್ಡಿನಲ್ಲಿ ಅವಳ ನಂಬರು ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿಯಲ್ಲಿ ಇರುತ್ತದೆ. ಆಡಬೇಡ ಅಂತ ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ ಅಲ್ವಾ? ನೀನು ಮೊದಲ ಸ್ಟಾಫ್ ಮೀಟಿಂಗ್ ಕರೆದಾಗ ಇದೊಂದು ವಿಷಯ ಇತ್ಯರ್ಥ ಮಾಡು. ಪಿ.ಇ. ಡೈರೆಕ್ಟರನ್ನು ಬಾಗಿಲ ಹತ್ತಿರ ಕೂರಿಸದೆ ಮುಂದೆ ಕರೆದು ಕೂರಿಸು, ಆಡಲು ಹೋದ ಮಕ್ಕಳಿಗೆ ಓ.ಡಿ. (ಆನ್ ಡ್ಯೂಟಿ ಹಾಜರಿ) ಯಾರು ಕೊಡಬೇಕು, ತಪ್ಪಿದ ಟೆಸ್ಟು ಯಾವಾಗ ಬರೆಸಬೇಕು ಅಂತ ಅಲ್ಲೇ ಬರೆದು ಸಹಿ ಹಾಕಿಸು. ಯಾರಾದರೂ ತಕರಾರು ಎತ್ತಿದರೆ ಏನಂದರು ಅಂತ ನನಗೆ ಬರೆ.

ಮನೆಯಲ್ಲಿ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ