ಆರ್ಡರ್ ಬಂದಿದೆ ಅಂದೆಯಲ್ಲ, ಪುಟ್ಟಿ

ತಿಪಟೂರು
ಶ್ರಾವಣ ಶುಕ್ರವಾರ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದೆ. ಬೆಂಗಳೂರಿನ ಅಂಗಡಿಯವರು ತಿಂಗಳಿಗೆ 1,500 ಲೀಟರ್ ಕೊಬ್ಬರಿ ಎಣ್ಣೆ ಕೇಳಿದ್ದಾರೆ, ಇನ್ನೂ ಮೂರು ಗಾಣ ಹಾಕಬೇಕು, ಬ್ಯಾಂಕಿನವರು ಸಾಲಕ್ಕೆ ಒಪ್ಪಿದ್ದಾರೆ, ದೀಪಾವಳಿಯೊಳಗೆ ಎಲ್ಲ ಆಗಬೇಕು. ನಾನು ಹೂಂ ಹೂಂ ಅಂದೆ ಅಷ್ಟೆ. ಫೋನಿನಲ್ಲಿ ಅಡ್ಡ ಮಾತಾಡಿದರೆ ನಿನಗೆ ಬೇಜಾರು, ಆಮೇಲೆ ನಿಮ್ಮಪ್ಪ ನನ್ನ ಮೇಲೆ ರೇಗುತ್ತಾನೆ. ಅದಕ್ಕೇ ಈ ಕಾಗದ. ಸಾವಧಾನವಾಗಿ ಓದು.

ಆಷಾಢದಲ್ಲಿ ತುಮಕೂರಿಗೆ ಬಂದಾಗ ನಿನ್ನ ಶೆಡ್ಡಿನಲ್ಲಿ ಅರ್ಧ ದಿನ ಕೂತಿದ್ದೆ, ನೆನಪಿದೆಯಾ? ಮಧ್ಯಾಹ್ನ ಎರಡು ಗಂಟೆಗೆ ಎರಡೂ ಗಾಣ ನಿಂತವು. ಕರೆಂಟು ಹೋಯಿತೇನೋ ಅಂದುಕೊಂಡೆ. ಕರೆಂಟು ಇತ್ತು. ಕೊಬ್ಬರಿಯೂ ಇತ್ತು. ಹುಡುಗ ಹೇಳಿದ, 'ಡ್ರಮ್ಮು ಖಾಲಿ ಇಲ್ಲ ಯಜಮಾನ್ರೇ, ನಿನ್ನೆಯದು ಇನ್ನೂ ತಿಳಿಯಾಗಿಲ್ಲ.' ಅಂದರೆ ನಿನಗೆ ಕಡಿಮೆ ಬಿದ್ದಿರುವುದು ಗಾಣ ಅಲ್ಲ. ಎಣ್ಣೆ ಎರಡು ಮೂರು ದಿನ ಸುಮ್ನೆ ಕೂತು ಮಡ್ಡಿ ಇಳಿಯುವುದಕ್ಕೆ ಜಾಗ. ಇನ್ನೂ ಮೂರು ಗಾಣ ತಂದರೆ ಎರಡು ಗಂಟೆಗೆ ಐದು ಗಾಣ ನಿಲ್ಲುತ್ತವೆ, ಅಷ್ಟೇ ವ್ಯತ್ಯಾಸ.

ಲೆಕ್ಕ ಹಾಕಿ ನೋಡಿದೆ. ಒಂದು ಸಲಕ್ಕೆ 15 ಕೆ.ಜಿ. ಕೊಬ್ಬರಿ ಹಾಕುತ್ತೀಯ, 9 ಕೆ.ಜಿ. ಎಣ್ಣೆ ಬರುತ್ತದೆ. ದಿನವಿಡೀ ಓಡಿಸಿದರೆ ಒಂದು ಗಾಣಕ್ಕೆ ಆರು ಸಲ. ಎರಡಕ್ಕೆ ಸೇರಿ ದಿನಕ್ಕೆ 100 ಕೆ.ಜಿ. ಚಿಲ್ಲರೆ. 1,500 ಲೀಟರ್ ಅಂದರೆ ಸುಮಾರು 1,380 ಕೆ.ಜಿ., ಹದಿನಾಲ್ಕು ದಿನದ ಕೆಲಸ. ಉಳಿದ ದಿನ ನಿನ್ನ ಕಡ್ಲೆಕಾಯಿ ಎಣ್ಣೆ, ಎಳ್ಳೆಣ್ಣೆಗೆ. ಸ್ವಲ್ಪ ಬಿಗಿಯಾಗುತ್ತದೆ, ನಿಜ. ಆದರೆ ಅದಕ್ಕೆ ಬೇಕಾದ್ದು ನಾಲ್ಕು ಸ್ಟೀಲ್ ಡ್ರಮ್ಮು, ಬಾಟಲಿ ತುಂಬುವುದಕ್ಕೆ ಇನ್ನೊಬ್ಬಳು ಹುಡುಗಿ, ಸಂಜೆ ಎರಡು ಗಂಟೆ ಜಾಸ್ತಿ ಕೆಲಸ. ಸಾಲ ಬೇಕಾಗುವುದಿಲ್ಲ.

ದೊಡ್ಡ ದೊಡ್ಡ ಫ್ಯಾಕ್ಟರಿಗಳೂ ಹೀಗೇ ಕಣಮ್ಮ. ಜಾಸ್ತಿ ಮಾಲು ಬೇಕು ಅಂದ ತಕ್ಷಣ ಹೊಸ ಮೆಷಿನ್ ತರುವುದಿಲ್ಲ. ಮೊದಲು ಗೋಡೌನಿನಲ್ಲಿ ಇರುವುದನ್ನು ಕಳಿಸುತ್ತಾರೆ. ಆಮೇಲೆ ಓವರ್‌ಟೈಮು. ಆಮೇಲೆ ಇನ್ನೊಂದು ಶಿಫ್ಟು. ಅದೂ ಸಾಲದೆ ಬಂದರೆ ಹೊರಗಡೆ ಜಾಬ್‌ವರ್ಕ್ ಕೊಡುತ್ತಾರೆ. ಗೋಡೆ ಕಟ್ಟುವುದು ಕಟ್ಟಕಡೆಗೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಡಾಕ್ಟರುಗಳು ಹಾಕುವ ಆ ಪಿಪಿಇ ಕಿಟ್ ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ತಯಾರಾಗುತ್ತಲೇ ಇರಲಿಲ್ಲ. ಮೇ ತಿಂಗಳ ಹೊತ್ತಿಗೆ ದಿನಕ್ಕೆ 2 ಲಕ್ಷದ ಮೇಲೆ ಹೊಲಿಯುತ್ತಿದ್ದರು. ಬೆಂಗಳೂರಿನ ಗಾರ್ಮೆಂಟ್ಸ್‌ನವರು ಷರಟು ಹೊಲಿಯುತ್ತಿದ್ದ ಕೈಗಳನ್ನೇ ಈ ಕಡೆ ತಿರುಗಿಸಿದರು. ಹಾಗೆ ತಿರುಗಿಸಿದವರು ಬೇಡಿಕೆ ಇಳಿದ ಮೇಲೆ ಮತ್ತೆ ಷರಟಿಗೆ ಹೋದರು. ಅದಕ್ಕೇ ಅಂತ ಹೊಸದಾಗಿ ಬಂಡವಾಳ ಹಾಕಿದವರ ಪಾಡು ಬೇರೆ.

ಈಗ ನನ್ನ ಕಥೆ. ನಿಮ್ಮಪ್ಪನಿಗೆ ಅರ್ಧ ಗೊತ್ತು, ನಿನಗೆ ಏನೂ ಗೊತ್ತಿಲ್ಲ.

ನಿನ್ನ ಅಕ್ಕ ಹುಟ್ಟಿದ ವರ್ಷ. ಕೊಬ್ಬರಿ ಮಂಡಿ ನನ್ನ ಕೈಗೆ ಬಂದು ನಾಲ್ಕು ವರ್ಷವಾಗಿತ್ತು, ಮೈಯಲ್ಲಿ ಪೊಗರಿತ್ತು. ನಮ್ಮ ಉಂಡೆ ಕೊಬ್ಬರಿ ಹೋಗುವುದೆಲ್ಲ ಉತ್ತರದ ಕಡೆಗೆ, ಅಲ್ಲಿ ಹಬ್ಬ ಬಂದರೆ ಇಲ್ಲಿ ರೇಟು ಏರುತ್ತದೆ. ಆ ವರ್ಷ ದೀಪಾವಳಿಗೆ ಎರಡು ತಿಂಗಳು ಇರುವಾಗಲೇ ದೆಹಲಿ ಕಡೆಯಿಂದ ಒಬ್ಬ ಫೋನ್ ಮಾಡಿದ, ಒಂದು ಲೋಡು ಬೇಕು ಅಂತ. ಮಾರನೇ ದಿನ ಇನ್ನೊಬ್ಬ. ಆ ವಾರದಲ್ಲೇ ಮೂರನೆಯವನು. ನಾನು ಮೂರು ಲೋಡಿಗೆ ಕೊಂಡೆ. ಇಷ್ಟು ಫೋನ್ ಬರುತ್ತಿದೆ ಅಂದರೆ ಇನ್ನೂ ಬರುತ್ತದೆ ಅಂತ ಮತ್ತೆ ಎರಡು ಲೋಡಿಗೆ ಕೊಂಡೆ. ರೇಟು ಏರುತ್ತಿತ್ತು. ಏರುವುದಕ್ಕೆ ನಾನೂ ಒಂದು ಕಾರಣ ಅಂತ ಹೊಳೆಯಲಿಲ್ಲ. ಬಾಡಿಗೆಗೆ ಇನ್ನೊಂದು ಗೋಡೌನು ಹಿಡಿದೆ.

ಆಮೇಲೆ ಗೊತ್ತಾಯಿತು. ಅಲ್ಲಿ ಒಂದೇ ಬಜಾರಿನ ಅಂಗಡಿಯವರು ಹೋದ ವರ್ಷ ಮಾಲು ಸಿಗಲಿಲ್ಲ ಅಂತ ಈ ಸಲ ಮೂರು ಜನ ಏಜೆಂಟರಿಗೆ ಹೇಳಿಟ್ಟಿದ್ದರು. ಯಾರು ಮೊದಲು ತರುತ್ತಾರೋ ಅವರ ಹತ್ತಿರ ಕೊಳ್ಳೋಣ ಅಂತ. ಹತ್ತು ಮೂಟೆ ಬೇಕಾದವನು ಇರಲಿ ಅಂತ ಹದಿನೈದು ಹೇಳಿದ. ಏಜೆಂಟ ಅದನ್ನು ಇಪ್ಪತ್ತು ಮಾಡಿದ. ಇಲ್ಲಿ ನಾನು ಮೂವತ್ತು ಮಾಡಿದೆ. ಕೊಬ್ಬರಿ ತಿನ್ನುವ ಬಾಯಿ ಮಾತ್ರ ಅಷ್ಟೇ ಇತ್ತು. ಎರಡು ಲೋಡು ಹೋಯಿತು, ಮೂರನೆಯವನು ಫೋನ್ ಎತ್ತಲೇ ಇಲ್ಲ. ಉಳಿದ ಮಾಲು ಬಾಡಿಗೆ ಗೋಡೌನಿನಲ್ಲಿ ಕೂತಿತು. ಗೋಡೆಗೆ ತೇವ ಇತ್ತು. ಬೂಷ್ಟು ಹಿಡಿದು ಕೌಟಾಯಿತು. ಕೊನೆಗೆ ಎಣ್ಣೆಯವರಿಗೆ ಸಿಕ್ಕಿದ ರೇಟಿಗೆ ಕೊಟ್ಟೆ. ನಿಮ್ಮ ದೊಡ್ಡಮ್ಮನ ಅವಲಕ್ಕಿ ಸರ ಬ್ಯಾಂಕಿಗೆ ಹೋಗಿದ್ದು ಆಗ. ಅದು ವಾಪಸು ಬರುವುದಕ್ಕೆ ಐದು ವರ್ಷ ಹಿಡಿಯಿತು. ಇವತ್ತಿಗೂ ಆ ಮಾತು ಎತ್ತಿದರೆ ಅವಳು ಅಡಿಗೆಮನೆಗೆ ಎದ್ದು ಹೋಗುತ್ತಾಳೆ.

ಅದಕ್ಕೇ ಹೇಳುತ್ತಿರುವುದು, ಆರ್ಡರ್ ಬೇರೆ, ಬೇಡಿಕೆ ಬೇರೆ. ಆ 1,500 ಲೀಟರ್ ಅವರ ಅಂಗಡಿಗಳ ಶೆಲ್ಫು ತುಂಬುವುದಕ್ಕೆ ಬೇಕಾಗಿರುವುದೋ, ಜನ ತಿಂಗಳು ತಿಂಗಳು ಕೊಂಡು ಹೋಗುತ್ತಿರುವುದೋ? ಮೊದಲ ತಿಂಗಳು ಎಲ್ಲ ಶೆಲ್ಫಿಗೂ ಇಡಬೇಕಲ್ಲ, ಅದಕ್ಕೆ ಜಾಸ್ತಿ ಹೋಗೇ ಹೋಗುತ್ತದೆ. ಮೂರನೇ ತಿಂಗಳು 300 ಲೀಟರ್ ಸಾಕು ಅಂದರೆ? ಒಂದು ಕೆಲಸ ಮಾಡು. ಈಗ ಒಂದು ಅಂಗಡಿಯಲ್ಲಿ ನಿನ್ನ ಎಣ್ಣೆ ಇಟ್ಟಿದ್ದಾರೆ ಅಂದೆಯಲ್ಲ, ಅಲ್ಲಿಗೆ ಎರಡು ಶನಿವಾರ ಹೋಗಿ ಸುಮ್ನೆ ನಿಂತುಕೋ. ಯಾರು ತಗೊಳ್ಳುತ್ತಾರೆ, ಒಂದು ಸಲ ತಗೊಂಡವರು ಮತ್ತೆ ಬರುತ್ತಾರಾ, ಬಿಲ್ ಹಾಕುವ ಹುಡುಗಿಯನ್ನು ಕೇಳು. ಅವಳಿಗೆ ಓನರಿಗಿಂತ ಜಾಸ್ತಿ ಗೊತ್ತಿರುತ್ತದೆ.

ಇನ್ನು ರೇಟಿನ ವಿಷಯ. ಇದು ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು. ಆರು ತಿಂಗಳಿಗೆ ಒಂದೇ ರೇಟು ಬರೆದುಕೊಡು ಅಂದಿದ್ದಾರೆ ಅಂದೆ. 2023ರಲ್ಲಿ ಇದೇ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲಿಗೆ 9 ಸಾವಿರದ ಆಸುಪಾಸಿಗೆ ಬಿದ್ದಿತ್ತು. ಸರ್ಕಾರದ ಬೆಂಬಲ ಬೆಲೆಯೇ 11,750 ಇತ್ತು, ಮಾರುಕಟ್ಟೆ ಅದಕ್ಕಿಂತ ಕೆಳಗೆ. ಎರಡು ವರ್ಷ ಕಳೆದು 2025ರ ನಡು ಬರುವಷ್ಟರಲ್ಲಿ 25 ಸಾವಿರ ದಾಟಿ ಮೇಲೆ ಹೋಯಿತು. ಕ್ವಿಂಟಲಿಗೆ 60 ಕೆ.ಜಿ. ಎಣ್ಣೆ ಅಂತ ಇಟ್ಟುಕೋ. 9 ಸಾವಿರದ ಕೊಬ್ಬರಿಯಲ್ಲಿ ಒಂದು ಕೆ.ಜಿ. ಎಣ್ಣೆಗೆ ಬರೀ ಕೊಬ್ಬರಿ ಖರ್ಚು 150 ರೂಪಾಯಿ. 25 ಸಾವಿರಕ್ಕೆ ಅದೇ 415ರ ಮೇಲೆ. ನೀನು ಉಂಡೆ ಬಿಟ್ಟು ಚೂರು ತಗೊಂಡರೂ, ಹಿಂಡಿ ಮಾರಿದರೂ, ಎಷ್ಟು ಉಳಿದೀತು?

ಯಾಕೆ ಹಾಗೆ ಏರಿತು ಅಂದರೆ, ಅದೂ ಬೇಡಿಕೆಯ ಕಥೆಯೇ. ಬೆಲೆ ಬಿದ್ದಾಗ ರೈತರು ತೋಟಕ್ಕೆ ಗೊಬ್ಬರ ಹಾಕುವುದು ಕಡಿಮೆ ಮಾಡಿದರು. ಎಷ್ಟೋ ಜನ ಕಾಯಿ ಬಲಿಯುವುದಕ್ಕೆ ಬಿಡದೆ ಎಳನೀರು ಇಳಿಸಿ ಮಾರಿದರು. ಎಳನೀರಾಗಿ ಹೋದ ಗೊನೆ ಕೊಬ್ಬರಿಗೆ ಬರುತ್ತದೆಯೇ? ರೋಗ, ಬಿಳಿ ನೊಣ ಬೇರೆ. ಆಮೇಲೆ ರೇಟು ಏರಿತು, ಎಲ್ಲರಿಗೂ ಕೊಬ್ಬರಿ ಬೇಕು. ಆದರೆ ರೇಟು ಏರಿತು ಅಂತ ಅಟ್ಟದ ಮೇಲಿನ ಕಾಯಿ ಬೇಗ ಒಣಗುತ್ತದಾ? ಅದಕ್ಕೆ ಹತ್ತು ಹನ್ನೊಂದು ತಿಂಗಳು ಬೇಕೇ ಬೇಕು. ಹೊಸ ಸಸಿ ನೆಟ್ಟರೆ ಆರೇಳು ವರ್ಷ. ಕೋಲಾರದ ಟೊಮೆಟೊ ಆದರೆ ನಾಟಿ ಮಾಡಿದ ಎರಡು ಎರಡೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತದೆ. 2023ರ ಜುಲೈನಲ್ಲಿ ಅಲ್ಲಿ 15 ಕೆ.ಜಿ. ಬಾಕ್ಸು 2 ಸಾವಿರ ದಾಟಿತ್ತು. ಅದನ್ನು ಕಂಡು ಎಲ್ಲರೂ ನಾಟಿ ಮಾಡಿದರು, ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲಕ್ಕೆ. ನಿನ್ನ ಕಚ್ಚಾ ಮಾಲು ಟೊಮೆಟೊ ಅಲ್ಲ. ಬೇಗ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಆದ್ದರಿಂದ ಆರು ತಿಂಗಳ ರೇಟಿಗೆ ಸಹಿ ಹಾಕಬೇಡ. ತಿಪಟೂರು ಹರಾಜಿನ ರೇಟಿಗೆ ತಕ್ಕಂತೆ ಪ್ರತಿ ತಿಂಗಳು ಬದಲಾಗುತ್ತದೆ ಅಂತ ಬರೆಸು. ಒಪ್ಪದಿದ್ದರೆ ಒಂದು ತಿಂಗಳ ಆರ್ಡರ್ ಮಾತ್ರ ತಗೋ.

ದುಡ್ಡು ಎಷ್ಟು ದಿನಕ್ಕೆ ಕೊಡುತ್ತಾರೆ ಅಂತ ನೀನು ಹೇಳಲೇ ಇಲ್ಲ. ನಾನು ಕೇಳಿದಾಗ 'ಕೊಡ್ತಾರೆ ದೊಡ್ಡಪ್ಪ, ದೊಡ್ಡ ಅಂಗಡಿ' ಅಂದೆ. ದೊಡ್ಡ ಅಂಗಡಿಯವರೇ ತಡ ಮಾಡುವುದು, ಅದು ಗೊತ್ತಿರಲಿ. 1,500 ಲೀಟರಿಗೆ 23 ಕ್ವಿಂಟಲ್ ಕೊಬ್ಬರಿ ಬೇಕು. 25 ಸಾವಿರದಂತೆ ಐದೂಮುಕ್ಕಾಲು ಲಕ್ಷ. ಎರಡು ತಿಂಗಳು ಕಾಯಿಸಿದರೆ ಹನ್ನೊಂದೂವರೆ ಲಕ್ಷ ಅವರ ಶೆಲ್ಫಿನಲ್ಲಿ ಕೂತಿರುತ್ತದೆ. ಇಲ್ಲಿ ನಾನು ಕೊಬ್ಬರಿ ತೂಗಿದ ರೈತನಿಗೆ ದುಡ್ಡು ಎಣಿಸಬೇಕು, ನನಗೆ ನೀನು ಎಣಿಸಬೇಕು. ವ್ಯಾಪಾರ ಇಲ್ಲದೆ ಮುಚ್ಚಿದ ಅಂಗಡಿಗಳನ್ನು ನೋಡಿದ್ದೇನೆ. ವ್ಯಾಪಾರ ಜಾಸ್ತಿಯಾಗಿ ಕೈಯಲ್ಲಿ ಕಾಸಿಲ್ಲದೆ ಮುಚ್ಚಿದವನ್ನೂ ನೋಡಿದ್ದೇನೆ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಉದ್ಯಮ್ ನೋಂದಣಿ ಮಾಡಿಸಿದ್ದೀಯಲ್ಲ, ಅದರ ನಂಬರನ್ನು ಪ್ರತಿ ಬಿಲ್ಲಿನ ಮೇಲೂ ಹಾಕು. 2006ರ ಕಾನೂನಿನ ಪ್ರಕಾರ ನಿನ್ನಂಥ ಸಣ್ಣವರಿಗೆ ಕರಾರು ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ಕರಾರು ಇಲ್ಲದಿದ್ದರೆ 15 ದಿನ. ಹೋಗಿ ಜಗಳ ಆಡು ಅಂತಲ್ಲ, ನಿನಗೆ ಗೊತ್ತಿದೆ ಅಂತ ಅವರಿಗೆ ಗೊತ್ತಾದರೆ ಸಾಕು.

ಮತ್ತೆ ಸಣ್ಣ ಆಹಾರ ಉದ್ಯಮಗಳಿಗೆ ಅಂತ ಇರುವ ಆ ಪಿಎಂಎಫ್‌ಎಂಇ ಸಬ್ಸಿಡಿ. ಸ್ಕೀಮಿನದು 35 ಪರ್ಸೆಂಟು, ಮೇಲೆ ರಾಜ್ಯದವರು ಕೊಡುವುದು ಬೇರೆ ಇದೆ, ಈಗ ಬಿಟ್ಟರೆ ಹೋಯಿತು ಅಂತ ನಿಮ್ಮಪ್ಪ ಕುಣಿಯುತ್ತಿದ್ದಾನೆ. ಬೇಡದ ಗಾಣ ಅರ್ಧ ಬೆಲೆಗೆ ಸಿಕ್ಕರೂ ಉಳಿದರ್ಧ ದಂಡವೇ. ಡ್ರಮ್ಮು, ಫಿಲ್ಟರು, ಬಾಟಲಿ ತುಂಬುವ ಮೆಷಿನ್ನು, ಇವಕ್ಕೂ ಆ ಸ್ಕೀಮಿನಲ್ಲಿ ಸಿಗುತ್ತದಾ, ಮೊದಲು ಅದನ್ನು ವಿಚಾರಿಸು.

ಇಷ್ಟೂ ಬಂದ ಬೇಡಿಕೆಯ ಮಾತು. ಬಾರದೇ ಇರುವ ಬೇಡಿಕೆ ಇನ್ನೊಂದು ಇದೆ, ಅದನ್ನು ಹುಟ್ಟಿಸಬೇಕು. ನನಗೆ ಅದರಲ್ಲೇ ಆಸೆ ಜಾಸ್ತಿ.

ನಮ್ಮದು ಕಲ್ಪತರು ನಾಡು ಅಂತ ಬೋರ್ಡು ಹಾಕಿಕೊಂಡಿದ್ದೇವೆ. ಆದರೆ ಇಲ್ಲಿ ಯಾರ ಮನೆಯಲ್ಲಿ ಕೊಬ್ಬರಿ ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತಾರೆ ಹೇಳು? ಕೊಬ್ಬರಿ ಎಣ್ಣೆ ತಲೆಗೆ, ಅಷ್ಟೆ. ನಿಮ್ಮ ದೊಡ್ಡಮ್ಮ ಮಂಗಳೂರಿನವರ ಮನೆಯಲ್ಲಿ ಪಲ್ಯ ತಿಂದು ಬಂದು 'ತಲೆಗೆ ಹಚ್ಚೋದನ್ನ ತಿನ್ನಿಸಿದ್ರು' ಅಂತ ಎರಡು ದಿನ ಹೇಳಿದಳು. ಹಾಗಾದರೆ ನಿನ್ನ ಎಣ್ಣೆ ಬೆಂಗಳೂರಿನಲ್ಲಿ ಇರುವ ಮಂಗಳೂರು, ಉಡುಪಿ ಕಡೆಯವರ ಅಡಿಗೆಮನೆಗೆ ಹೋಗಬೇಕು. ಅವರಿಗೆ ಅದು ತಿಂಗಳಿಗೆ ಎರಡು ಮೂರು ಲೀಟರಿನ ಸಾಮಾನು, ನಮಗೆ ತಿಂಗಳಿಗೆ ಒಂದು ಸಣ್ಣ ಬಾಟಲಿ. ಕಡ್ಲೆಕಾಯಿ ಎಣ್ಣೆ ನಮ್ಮವರಿಗೆ. ಆದರೆ ಗಾಣದ ಎಣ್ಣೆ ಬಾಣಲೆಯಲ್ಲಿ ನೊರೆ ಬರುತ್ತದೆ, ಕಲಬೆರಕೆ ಅಂದುಕೊಂಡು ಜನ ಬಿಡುತ್ತಾರೆ. ರಿಫೈನ್ ಮಾಡದ ಎಣ್ಣೆಯ ಗುಣ ಅದು ಅಂತ ಬಾಟಲಿ ಮೇಲೆ ಎರಡು ಸಾಲು ಬರೆದು ಅಂಟಿಸು. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಯ ವಸ್ತುಪ್ರದರ್ಶನದಲ್ಲಿ ಒಂದು ಮಳಿಗೆ ಹಿಡಿದು ಬಿಸಿ ಬಿಸಿ ಬೋಂಡ ಕರಿದು ತೋರಿಸು. 100 ಮಿಲಿ ಬಾಟಲಿ ಇಡು. ಗೊತ್ತಿಲ್ಲದ ಎಣ್ಣೆಯನ್ನು ಲೀಟರುಗಟ್ಟಲೆ ಯಾರು ಕೊಳ್ಳುತ್ತಾರೆ?

ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಹೇಗೆ ಗೊತ್ತಾ? ಮೊದಲನೇ ಮಹಾಯುದ್ಧ ಬಂದು ಯುರೋಪಿಗೆ ಗಂಧದ ಮರ ಹೋಗುವುದು ನಿಂತಿತು. ಮರ ರಾಶಿ ಬಿತ್ತು. ನಾಲ್ವಡಿಯವರು, ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಕೊಳ್ಳುವವರು ಬರಲಿ ಅಂತ ಕಾಯುತ್ತಾ ಕೂರಲಿಲ್ಲ. 1916ರಲ್ಲಿ ಎಣ್ಣೆ ತೆಗೆಯುವುದಕ್ಕೆ ಶುರು ಮಾಡಿದರು, ಅದರಿಂದ ಸೋಪು. ಗಂಧದೆಣ್ಣೆಯ ಸೋಪು ಬೇಕು ಅಂತ ಮೊದಲು ಯಾರೂ ಕೇಳಿರಲಿಲ್ಲ. ಬೆಂಕಿಪೊಟ್ಟಣದ ಮೇಲೆ, ಟ್ರಾಮ್ ಟಿಕೆಟ್ ಮೇಲೆ ಜಾಹೀರಾತು ಹಾಕಿದರು, ಕರಾಚಿಯಲ್ಲಿ ಒಂಟೆ ಮೆರವಣಿಗೆ ಮಾಡಿಸಿದರಂತೆ. ನೀನು ಒಂಟೆ ತರಬೇಡ, ಬೋಂಡ ಸಾಕು.

ನಿನ್ನ ಊರಿನದೇ ಇನ್ನೊಂದು ಇದೆ. ತುಮಕೂರಿನಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ 1978ರಲ್ಲಿ ಬಂತು. ಅಳಿಯನಿಗೆ ಎಚ್‌ಎಂಟಿ ಕೊಡದೆ ಮದುವೆ ನಡೆಯುತ್ತಿರಲಿಲ್ಲ. ನಿಮ್ಮಪ್ಪನಿಗೆ ಕೊಟ್ಟಿದ್ದೂ ಅದೇ. ಜನ ಕಾದು ಕೊಳ್ಳುತ್ತಿದ್ದರು. 1984ರಲ್ಲಿ ಟೈಟಾನ್ ಕಂಪನಿ ಶುರುವಾಗಿ ಹೊಸೂರಿನಲ್ಲಿ ಫ್ಯಾಕ್ಟರಿ ಹಾಕಿದರು. ಅವರು ಗಂಟೆ ನೋಡುವುದಕ್ಕೆ ವಾಚು ಮಾರಲಿಲ್ಲ, ಒಡವೆ ಥರ ಷೋರೂಮಿನಲ್ಲಿಟ್ಟು ಉಡುಗೊರೆಗೆ ಮಾರಿದರು. ಒಬ್ಬೊಬ್ಬರಿಗೆ ಎರಡು ಮೂರು ವಾಚಾಯಿತು. 2016ರಲ್ಲಿ ಎಚ್‌ಎಂಟಿ ವಾಚ್ ಮುಚ್ಚುವ ತೀರ್ಮಾನವಾಯಿತು. ನಿಮ್ಮಪ್ಪ ಕಟ್ಟುವುದು ಈಗಲೂ ಅದನ್ನೇ, ಐದು ನಿಮಿಷ ಹಿಂದೆ ಓಡುತ್ತದೆ.

ಒಂದು ತಿಂಗಳಿಗೆ 600 ಲೀಟರ್ ಕೊಡುತ್ತೇನೆ ಅಂತ ಆ ಅಂಗಡಿಯವರಿಗೆ ಹೇಳು. ಖಾಲಿಯಾದರೆ ಮುಂದಿನ ತಿಂಗಳು 1,000. ಕೋಪ ಮಾಡಿಕೊಂಡು ಬೇರೆಯವರ ಹತ್ತಿರ ಹೋದರೆ ಹೋಗಲಿ.

ನಮ್ಮ ಮಂಡಿಯ ಹಿಂದಿನ ಕೋಣೆಯಲ್ಲಿ ಎರಡು ಸ್ಟೀಲ್ ಡ್ರಮ್ಮು ಇವೆ, ತಲಾ 200 ಲೀಟರಿನವು. ನಿನ್ನ ಅಣ್ಣ ಎಣ್ಣೆ ವ್ಯಾಪಾರ ಮಾಡುತ್ತೇನೆ ಅಂತ ತಂದು ಹಾಗೇ ಬಿಟ್ಟವು. ಬುಧವಾರ ಕೊಬ್ಬರಿ ಲೋಡಿನ ಜೊತೆ ಕಳಿಸುತ್ತೇನೆ, ಬಿಸಿನೀರು ಹಾಕಿ ಚೆನ್ನಾಗಿ ತೊಳೆಸು. ಅದೇ ಗಾಡಿಯಲ್ಲಿ ಒಂದು ಮೂಟೆ ಕಡ್ಲೆಕಾಯಿ ಹಿಂಡಿ ಹಾಕಿ ಕಳಿಸು. ಹಸು ಕರು ಹಾಕಿದೆ, ದೊಡ್ಡಮ್ಮ ದಿನಾ ನೆನಪು ಮಾಡುತ್ತಿದ್ದಾಳೆ.

ಇಂತಿ ನಿನ್ನ
ದೊಡ್ಡಪ್ಪ