ಟೈಟನ್‌ನ ಗಾಳಿಯ ಲೆಕ್ಕ

ಸಂಪಾದಕರೇ,

ಶನಿಯ ಚಂದ್ರ ಟೈಟನ್ ಅಂದ ಕೂಡಲೇ ಎಲ್ಲರೂ ಅಲ್ಲಿ ಜೀವ ಇದೆಯಾ ಅಂತಲೇ ಕೇಳುತ್ತಾರೆ. ನನಗೆ ಅಲ್ಲಿನ ಗಾಳಿಯ ಬಗ್ಗೆಯೇ ಕುತೂಹಲ ಜಾಸ್ತಿ. ಬಹುಪಾಲು ನೈಟ್ರೋಜನ್, ಜೊತೆಗೆ ಸ್ವಲ್ಪ ಮೀಥೇನ್. ಬಿಸಿಲಿನ ಅತಿನೇರಳೆ ಕಿರಣ ಮೀಥೇನನ್ನು ಒಡೆಯುತ್ತದೆ, ಹೈಡ್ರೋಜನ್ ಬಾಹ್ಯಾಕಾಶಕ್ಕೆ ಹಾರಿಹೋಗುತ್ತದೆ, ಉಳಿದ ಚೂರುಗಳು ಸೇರಿ ಈಥೇನ್, ಅಸಿಟಿಲೀನ್, ಕೊನೆಗೆ ಆ ಕಿತ್ತಳೆ ಬಣ್ಣದ ಮಬ್ಬು. ಇಂಥ ನೂರಾರು ಕ್ರಿಯೆಗಳನ್ನು ಕಂಪ್ಯೂಟರ್‌ನಲ್ಲಿ ಪದರ ಪದರವಾಗಿ ಲೆಕ್ಕ ಹಾಕುತ್ತಾರೆ. ತೊಡಕು ಇರುವುದೇ ಇಲ್ಲಿ. ಎಷ್ಟೋ ಕ್ರಿಯೆಗಳ ವೇಗವನ್ನು ಲ್ಯಾಬ್‌ನಲ್ಲಿ ಅಳೆದಿರುವುದು ಕೋಣೆಯ ಉಷ್ಣತೆಯಲ್ಲಿ, ಟೈಟನ್‌ನಲ್ಲೋ ಮೇಲಿನ ಪದರದಲ್ಲೇ ಮೈನಸ್ 100 ಡಿಗ್ರಿ ಆಸುಪಾಸು, ನೆಲದಲ್ಲಿ ಮೈನಸ್ 179. ನಡುವಿನದ್ದೆಲ್ಲ ಅಂದಾಜು.

ಇಂಥ ಲೆಕ್ಕದ ಹಳೆಯ ಮಾದರಿಗಳು ಅಲ್ಲಿ ದ್ರವ ಈಥೇನ್‌ನ ಸಾಗರವೇ ಇರಬೇಕು ಅಂದಿದ್ದವು. 2004ರಲ್ಲಿ ಶನಿಯನ್ನು ತಲುಪಿದ ಕ್ಯಾಸಿನಿ ನೌಕೆಗೆ ಕಂಡಿದ್ದು ಹೆಚ್ಚಾಗಿ ಧ್ರುವಗಳ ಬಳಿಯ ಕೆರೆಗಳು, ಮೂರು ಕಡಲು, ಅಷ್ಟೇ. ಲೆಕ್ಕದ ಪ್ರಕಾರ ಮೀಥೇನ್ ಕೆಲವು ಕೋಟಿ ವರ್ಷಗಳಲ್ಲಿ ಖಾಲಿಯಾಗಬೇಕು. ಆದರೂ ಇದೆ, ಅಂದರೆ ಎಲ್ಲಿಂದಲೋ ತುಂಬಿಕೊಳ್ಳುತ್ತಿರಬೇಕು ಅಲ್ವಾ? ಮಾದರಿ ತಪ್ಪಿತು ಅಂತ ಸುಮ್ನೆ ನಗುವವರಿದ್ದಾರೆ. ಎಲ್ಲಿ ತಪ್ಪಿತು ಅನ್ನುವುದೇ ನಿಜವಾದ ಸುದ್ದಿ. ಬರೀ ಫೋಟೊ ಹಾಕುವ ಬದಲು ಇದಕ್ಕೂ ನಾಲ್ಕು ಸಾಲು ಜಾಗ ಕೊಡಿ.

– ಒಬ್ಬ ಓದುಗ