ಮಳೆ ಪುಸ್ತಕ

ಮೂಡಿಗೆರೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದದ ಒಂದು ಸಾಲು ಎರಡು ರಾತ್ರಿ ನಿದ್ದೆ ಕೆಡಿಸಿತು. ಡಾಕ್ಟರು ಹಾಕಿಕೊಟ್ಟ ಆ್ಯಪ್ ರಾತ್ರಿ ಒಂಬತ್ತಕ್ಕೆ 'ಇವತ್ತು ನಿಮಗೆ ನೀವೇ ನೋವು ಮಾಡಿಕೊಳ್ಳಬೇಕು ಅನ್ನಿಸಿತೇ' ಎಂದು ಕೇಳುತ್ತದೆ, ನೀನು ಸುಮ್ನೆ 'ಇಲ್ಲ' ಒತ್ತಿ ಮಲಗುತ್ತೀಯ. ದಿನಾ ಕೇಳಿ ಕೇಳಿಯೇ ಆ ಯೋಚನೆ ಜಾಸ್ತಿಯಾದರೆ ಎಂದು ಭಯ, ಅಲ್ವಾ?

ಅದೇ ಭಯ ನನಗೂ ಇತ್ತು ಮಗಳೇ. ಸಣ್ಣತ್ತೆ ತನಗೆ ತಾನೇ ನೋವು ಮಾಡಿಕೊಳ್ಳುತ್ತಿದ್ದ ವಿಷಯ ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ಏಪ್ರಿಲ್ ಸೆಕೆಯಲ್ಲೂ ಅವಳು ಉದ್ದ ತೋಳಿನ ರವಿಕೆ ಹಾಕುತ್ತಿದ್ದದ್ದನ್ನು ನಾನು ನೋಡಿದ್ದೆ. ಜಗಲಿಯಲ್ಲಿ ಎದುರುಬದುರು ಕೂತು ಮೆಣಸು ಬಿಡಿಸುತ್ತಿದ್ದೆವು. ಬಾಯಿಗೆ ಬಂದ ಮಾತು ನುಂಗಿಕೊಂಡೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅಂತ. ಹಾಗೇ ಎರಡು ವರ್ಷ ಹೋಯಿತು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ಆಮೇಲೆ ಅವಳ ಡಾಕ್ಟರು ಹೇಳಿದರು. ಸಂಶೋಧನೆಗಳಲ್ಲೂ ಹಾಗೇ ಕಂಡಿದೆಯಂತೆ. ಅವಳು ಹೇಳಿದ್ದು ಮಾತ್ರ ಇನ್ನೂ ಚುಚ್ಚುತ್ತದೆ: "ನೀನು ಕೇಳ್ತೀಯೇನೋ ಅಂತ ಕಾಯ್ತಿದ್ದೆ ಅಣ್ಣ."

ನಮ್ಮ ಮಳೆ ಪುಸ್ತಕ ನೆನಪಿದೆಯಾ? ದಿನಾ ಬೆಳಿಗ್ಗೆ ಅಳತೆಗಾಜು ಕಣ್ಣಿನ ಮಟ್ಟಕ್ಕೆ ಹಿಡಿದು 2 ಇಂಚು 40 ಸೆಂಟು ಮಳೆ ಅಂತ ಬರೆಯುವುದು. ಒಂದು ಜುಲೈನಲ್ಲಿ ಜ್ವರ ಬಂದು ಏಳು ದಿನ ಅಂದಾಜಿನಲ್ಲಿ ತುಂಬಿಸಿದೆ. ಆ ಪುಟ ಇವತ್ತಿಗೂ ಯಾವ ಲೆಕ್ಕಕ್ಕೂ ಬರುವುದಿಲ್ಲ. ನಿನ್ನ 'ಇಲ್ಲ' ಓದಿದಾಗ ಅದೇ ಪುಟ ಕಣ್ಣಮುಂದೆ ಬಂತು. ಡಾಕ್ಟರು ನೀನು ಒತ್ತಿದ್ದನ್ನು ನೋಡಿಕೊಂಡೇ ತಾನೇ ಯಾವ ಹೊತ್ತು ಕಷ್ಟ, ಅದಕ್ಕೆ ಮುಂಚೆ ಏನಾಗಿತ್ತು ಅಂತ ಹುಡುಕಬೇಕು?

ಫೋನಿನ ವಿಷಯದಲ್ಲಿ ನಿನಗೆ ಹೇಳುವಷ್ಟು ನನಗೆ ತಿಳಿಯದು, ತಪ್ಪು ತಿಳಿಯಬೇಡ. ಆದರೂ ನೀನು ಒತ್ತಿದ್ದನ್ನು ಯಾರು, ಯಾವಾಗ ನೋಡುತ್ತಾರೆ ಅಂತ ಡಾಕ್ಟರನ್ನು ಕೇಳಿಬಿಡು. ಅರ್ಧ ರಾತ್ರಿಯಲ್ಲಿ 'ಹೌದು' ಒತ್ತಿದರೆ ಆ ಕಡೆ ಯಾರೋ ಎದ್ದಿರುತ್ತಾರೆ ಅಂದುಕೊಳ್ಳಬೇಡ. ಆ ಹೊತ್ತಿಗೆ ಮನಸ್ಸಿನ ಕಷ್ಟಕ್ಕೆ ಅಂತಲೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ದಿನಾ ಬರೆಯುವುದು ನಿಜಕ್ಕೂ ಭಾರವಾದರೆ ಅದನ್ನೂ ಡಾಕ್ಟರಿಗೆ ಹೇಳು, ಪ್ರಶ್ನೆ ಕಮ್ಮಿ ಮಾಡಿಕೊಡಬಹುದು. ಸುಳ್ಳು ಮಾತ್ರ ಒತ್ತಬೇಡ ಪುಟ್ಟಿ.

ಅವತ್ತು ಜಗಲಿಯಲ್ಲಿ ಕೇಳದೆ ಉಳಿದದ್ದನ್ನು ಈಗ ನಿನ್ನನ್ನು ಕೇಳುತ್ತಿದ್ದೇನೆ. ನಿನಗೆ ನೀನೇ ನೋವು ಮಾಡಿಕೊಳ್ಳಬೇಕು ಅಂತ ಈ ವಾರ ಅನ್ನಿಸಿತಾ? ಕಾಗದ ಬರೆಯುತ್ತಾ ಕೂರಬೇಡ, ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ.

ನಿನ್ನ ದೊಡ್ಡಪ್ಪ